ಯಂತ್ರ ಬದಲಾದಾಗ ಅಂಕಿಗಳ ಪಾಡು

ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದುವಾಗ ನಮಗೆ ಪಾಠವಾದದ್ದೆಲ್ಲ ಅಂಕಿ ಕೈಗೆ ಬಂದ ಮೇಲಿನ ಕೆಲಸ. ಸರಾಸರಿ ತೆಗೆಯುವುದು, ವ್ಯತ್ಯಾಸ ಅಳೆಯುವುದು, ರಿಗ್ರೆಶನ್ ಗೆರೆ ಎಳೆಯುವುದು, ಆ ಗೆರೆಯನ್ನು ಎಷ್ಟು ನಂಬಬಹುದು ಎಂದು ಲೆಕ್ಕ ಹಾಕುವುದು. ಅಂಕಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೇಗೆ ಬರುತ್ತದೆ, ಬರುವ ದಾರಿಯಲ್ಲಿ ಅದಕ್ಕೆ ಏನೇನಾಗಬಹುದು ಎಂಬುದು ಪಠ್ಯದಲ್ಲೇ ಇರಲಿಲ್ಲ. ಆಮೇಲೆ ಹೊಟ್ಟೆಪಾಡಿಗೆ ಮಾಡಿದ ಕೆಲಸದಲ್ಲಿ ಹೆಚ್ಚಿನ ಪಾಲು ಅದೇ ಆಯಿತು. ಸೂತ್ರಗಳಿಗಿಂತ ಹೆಚ್ಚಾಗಿ ನಾನು ಕಲಿತದ್ದೂ ಅಲ್ಲೇ.

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಕಂಪನಿ ಸೇರಿದೆ. ಹೊಸ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗ ಸಿಗುವ ದತ್ತಾಂಶವನ್ನು ಒಪ್ಪ ಮಾಡಿ, ಕೋಷ್ಟಕ ಕಟ್ಟಿ ಕೊಡುವ ಕೆಲಸ. ಗ್ರಾಹಕರು ಅಮೆರಿಕದವರು. ಅವರ ಡೇಟಾ ಇದ್ದದ್ದು ಐಬಿಎಂ ಮೇನ್‌ಫ್ರೇಮ್‌ನಲ್ಲಿ. ನಮ್ಮ ಸರ್ವರ್ ಸನ್ ಕಂಪನಿಯ ಯುನಿಕ್ಸ್ ಯಂತ್ರ. ಮೇಜಿನ ಮೇಲೆ ವಿಂಡೋಸ್. ಮೂರರಲ್ಲೂ ಓಡುತ್ತಿದ್ದದ್ದು ಸ್ಯಾಸ್ ಎಂಬ ಒಂದೇ ಸಾಫ್ಟ್‌ವೇರ್. ಪ್ರೋಗ್ರಾಂ ಬರೆಯುವ ಭಾಷೆಯೂ ಒಂದೇ. ಹಾಗಾಗಿ ಅಲ್ಲಿಯ ಫೈಲು ಇಲ್ಲಿ ತಂದಿಟ್ಟರೆ ತೆರೆದುಕೊಳ್ಳುತ್ತದೆ ಎಂದು ಹೊಸದಾಗಿ ಸೇರಿದವರೆಲ್ಲ ತಿಳಿಯುತ್ತಿದ್ದರು. ತೆರೆದುಕೊಳ್ಳುತ್ತಿರಲಿಲ್ಲ.

ಅದಕ್ಕೆ ಕಾರಣ ಈ ಸಾಫ್ಟ್‌ವೇರ್‌ಗಳ ಹುಟ್ಟಿನಲ್ಲೇ ಇದೆ. ಸ್ಯಾಸ್ ಬೆಳೆದದ್ದು ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಕೃಷಿ ಪ್ರಯೋಗಗಳ ಲೆಕ್ಕಕ್ಕಾಗಿ. ಅದು ಕಂಪನಿಯಾದದ್ದು 1976ರಲ್ಲಿ. ಸಮಾಜವಿಜ್ಞಾನದವರು ಬಳಸುವ ಎಸ್‌ಪಿಎಸ್‌ಎಸ್ 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾಯಿತು. ಆಗ ಒಂದು ವಿಶ್ವವಿದ್ಯಾಲಯಕ್ಕೆ ಒಂದು ದೊಡ್ಡ ಯಂತ್ರ. ಡೇಟಾ ಅಲ್ಲೇ ಹುಟ್ಟಿ, ಅಲ್ಲೇ ಲೆಕ್ಕವಾಗಿ, ಅಲ್ಲೇ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಊರು ಬಿಟ್ಟು ಹೋಗಬೇಕಾದ ಪ್ರಮೇಯವೇ ಕಡಿಮೆ. ಹಾಗಾಗಿ ಪ್ರತಿ ಯಂತ್ರದಲ್ಲೂ ಆ ಯಂತ್ರಕ್ಕೆ ಸಲೀಸಾದ ರೀತಿಯಲ್ಲೇ ಅಂಕಿಗಳನ್ನು ಬರೆದಿಟ್ಟರು. ಯಂತ್ರಗಳು ಬೇರೆ ಬೇರೆಯಾದಾಗ ಈ ರೀತಿಗಳೂ ಬೇರೆ ಬೇರೆಯಾದವು.

ಮೊದಲ ತೊಡಕು ಅಕ್ಷರದ್ದು. ಕಂಪ್ಯೂಟರಿನೊಳಗೆ ಅಕ್ಷರ ಎಂದರೂ ಒಂದು ಸಂಖ್ಯೆಯೇ. ಪಿಸಿ, ಯುನಿಕ್ಸ್ ಯಂತ್ರಗಳೆಲ್ಲ ಆಸ್ಕಿ ಎಂಬ ಪಟ್ಟಿಯನ್ನು ನಂಬಿದ್ದವು. ಐಬಿಎಂ ಮೇನ್‌ಫ್ರೇಮ್‌ನದು ಎಬ್ಸಿಡಿಕ್ ಎಂಬ ಬೇರೆಯದೇ ಪಟ್ಟಿ. ಒಂದರಲ್ಲಿ ಖಾಲಿ ಜಾಗಕ್ಕೆ ಹದಿನಾರರ ಲೆಕ್ಕದಲ್ಲಿ 20, ಇನ್ನೊಂದರಲ್ಲಿ 40. ಪಟ್ಟಿ ಬೇರೆಯಾದರೆ ಒಂದು ಕೋಷ್ಟಕ ಇಟ್ಟುಕೊಂಡು ಬದಲಾಯಿಸಿಕೊಂಡರೆ ಆಯಿತಲ್ಲ ಎನ್ನಬಹುದು. ಆದರೆ ಎರಡೂ ಪಟ್ಟಿಯಲ್ಲಿ ಅಕ್ಷರಗಳ ಸರದಿಯೇ ಬೇರೆ. ಆಸ್ಕಿಯಲ್ಲಿ ಮೊದಲು ಅಂಕಿ, ಆಮೇಲೆ ದೊಡ್ಡಕ್ಷರ, ಕೊನೆಗೆ ಚಿಕ್ಕಕ್ಷರ. ಎಬ್ಸಿಡಿಕ್‌ನಲ್ಲಿ ಮೊದಲು ಚಿಕ್ಕಕ್ಷರ, ಆಮೇಲೆ ದೊಡ್ಡಕ್ಷರ, ಕೊನೆಗೆ ಅಂಕಿ. ಮೇನ್‌ಫ್ರೇಮ್‌ನಲ್ಲಿ ರೋಗಿಗಳ ಸಂಕೇತಗಳನ್ನು ಸರದಿಯಂತೆ ಜೋಡಿಸಿಟ್ಟ ಫೈಲು ಪಿಸಿಗೆ ಬಂದಾಗ, ಒಂದು ಅಕ್ಷರವೂ ಕೆಡದೆ ಬಂದರೂ, ಸರದಿ ತಪ್ಪಿದ ಫೈಲಾಗುತ್ತಿತ್ತು. ಎರಡು ಫೈಲುಗಳನ್ನು ರೋಗಿಯ ಸಂಕೇತ ನೋಡಿ ಕೂಡಿಸುವ ಹೊತ್ತಿಗೆ ಸ್ಯಾಸ್ ತಕರಾರು ತೆಗೆಯುತ್ತಿತ್ತು. ಹಾಗೆ ತಕರಾರು ತೆಗೆಯುವುದೇ ನಮ್ಮ ಪುಣ್ಯ. ಈ ಕೆಲಸದಲ್ಲಿ ಸದ್ದಿಲ್ಲದೆ ನಡೆಯುವ ಕೇಡೇ ಹೆಚ್ಚು.

ಯಂತ್ರದಿಂದ ಯಂತ್ರಕ್ಕೆ ಫೈಲು ಕಳಿಸಲು ಆಗ ಇದ್ದದ್ದು ಎಫ್‌ಟಿಪಿ. ಅದರಲ್ಲಿ ಎರಡು ದಾರಿ. ಒಂದು ಬೈನರಿ: ಇದ್ದದ್ದು ಇದ್ದಂತೆ ದಾಟಿಸುತ್ತದೆ. ಇನ್ನೊಂದು ಆಸ್ಕಿ: ಹೋಗುವ ಊರಿನ ಪದ್ಧತಿಗೆ ತಕ್ಕಂತೆ ತಿದ್ದಿ ದಾಟಿಸುತ್ತದೆ. ಬರೀ ಬರಹದ ಫೈಲಿಗೆ ಈ ತಿದ್ದುವಿಕೆ ಬೇಕೇ ಬೇಕು. ಮೇನ್‌ಫ್ರೇಮ್‌ಗೆ ಹೋಗುವಾಗ ಅಕ್ಷರಗಳು ಎಬ್ಸಿಡಿಕ್ ಆಗಬೇಕು. ಯುನಿಕ್ಸ್‌ನಿಂದ ವಿಂಡೋಸ್‌ಗೆ ಬರುವಾಗ ಸಾಲಿನ ಕೊನೆಯ ಒಂದು ಗುರುತು ಎರಡಾಗಬೇಕು. ಆದರೆ ಸ್ಯಾಸ್‌ನ ಫೈಲು ಬರಹವಲ್ಲ. ಅದರೊಳಗೆ ಸಾಲಿನ ಕೊನೆಯ ಗುರುತಿನ ಹಾಗೆಯೇ ಕಾಣುವ ಒಂದು ಬೈಟು ಯಾವುದೋ ರೋಗಿಯ ರಕ್ತದೊತ್ತಡದ ಭಾಗವಾಗಿರಬಹುದು. ಆಸ್ಕಿ ದಾರಿಯಲ್ಲಿ ಕಳಿಸಿದರೆ ಅದರ ಪಕ್ಕಕ್ಕೆ ಇನ್ನೊಂದು ಬೈಟು ಬಂದು ಕೂರುತ್ತದೆ. ಅಲ್ಲಿಂದ ಮುಂದಿನದೆಲ್ಲ ಒಂದೊಂದು ಜಾಗ ಸರಿದು ಹೋಗುತ್ತದೆ.

ಇದನ್ನು ನನಗೆ ಕಲಿಸಿದವರು ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯ ಸಹೋದ್ಯೋಗಿ. ಬ್ಯಾಂಕುಗಳ ಮೇನ್‌ಫ್ರೇಮ್ ನೋಡಿಕೊಂಡು ಬಂದವರು, ಮಾತು ಕಡಿಮೆ. ಸ್ಯಾಸ್ ಡೇಟಾವನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸಲೆಂದೇ ಟ್ರಾನ್ಸ್‌ಪೋರ್ಟ್ ಫೈಲು ಎಂಬ ಒಂದು ರೂಪವಿತ್ತು. ಒಂದು ಸಲ ನಾವು ತಯಾರಿಸಿದ ಅಂಥ ಫೈಲನ್ನು ಗ್ರಾಹಕರ ಮೇನ್‌ಫ್ರೇಮ್‌ಗೆ ಕಳಿಸಿದ್ದೆವು. ಅಲ್ಲಿ ಅದು ತೆರೆಯುತ್ತಿಲ್ಲ ಎಂದು ಆ ಕಡೆಯಿಂದ ಪತ್ರ ಬಂತು. ದೂರದಿಂದಲೇ ಅವರ ಯಂತ್ರಕ್ಕೆ ಲಾಗಿನ್ ಆಗಿ ಫೈಲಿನ ತಲೆಭಾಗ ನೋಡಿದೆವು. ಟ್ರಾನ್ಸ್‌ಪೋರ್ಟ್ ಫೈಲು ಶುರುವಾಗುವುದೇ 'ಹೆಡರ್ ರೆಕಾರ್ಡ್' ಎಂಬ ಇಂಗ್ಲಿಷ್ ಪದಗಳಿಂದ. ತೆರೆಯ ಮೇಲೆ ಆ ಪದಗಳು ಮುತ್ತು ಪೋಣಿಸಿದ ಹಾಗೆ ಸ್ಪಷ್ಟವಾಗಿ ಕಂಡವು. ಫೈಲು ಸರಿಯಾಗೇ ಇದೆಯಲ್ಲ, ಇನ್ನೇನು ತೊಂದರೆ ಎಂದು ಪಕ್ಕದಲ್ಲಿದ್ದ ಹುಡುಗರು ಕೇಳಿದರು.

ಹಿರಿಯರು ತಲೆ ಆಡಿಸಿದರು. "ಓದಾಕ ಬರಾಕತ್ತೈತಿ ಅಂದ್ರ ಕೆಟ್ಟೈತಿ ಅಂತ ತಿಳ್ಕೋರಿ. ಛಲೋ ಇದ್ದಿದ್ರ ಇಲ್ಲಿ ಓದಾಕ ಬರತಿರಲಿಲ್ಲ." ಆಮೇಲೆ ಅಕ್ಷರಗಳನ್ನು ಬಿಟ್ಟು ಅವುಗಳ ಹಿಂದಿನ ಹೆಕ್ಸ್, ಎಂದರೆ ಹದಿನಾರರ ಲೆಕ್ಕದ ಸಂಖ್ಯೆಗಳನ್ನು ತೆರೆಯ ಮೇಲೆ ತಂದರು. 'ಹೆಡರ್' ಪದದ ಆರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಸಿ8, ಸಿ5, ಸಿ1, ಸಿ4, ಸಿ5, ಡಿ9 ಎಂದಿತ್ತು. ಅದು ಎಬ್ಸಿಡಿಕ್. ಟ್ರಾನ್ಸ್‌ಪೋರ್ಟ್ ಫೈಲಿನ ನಿಯಮದ ಪ್ರಕಾರ ಯಾವ ಯಂತ್ರದಲ್ಲಿದ್ದರೂ ಅಕ್ಷರಗಳು ಆಸ್ಕಿಯಲ್ಲೇ ಇರಬೇಕು: 48, 45, 41, 44, 45, 52. ಅಂಥ ಫೈಲನ್ನು ಮೇನ್‌ಫ್ರೇಮ್‌ನಲ್ಲಿ ತೆರೆದರೆ ಚಿಂದಿ ಚಿಂದಿ ಗುರುತುಗಳು ಕಾಣಬೇಕು. ಚೆನ್ನಾಗಿ ಕಂಡಿತೆಂದರೆ ದಾರಿಯಲ್ಲಿ ಯಾರೋ ಅದನ್ನು ಬರಹವೆಂದು ತಿಳಿದು ತಿದ್ದಿದ್ದಾರೆ ಎಂದರ್ಥ. ಬೈನರಿ ದಾರಿಯಲ್ಲಿ ಮತ್ತೆ ಕಳಿಸಿದೆವು. ಆ ಆರು ಜೋಡಿ ಸಂಖ್ಯೆಗಳು ನನಗೆ ಇವತ್ತಿಗೂ ಬಾಯಿಪಾಠ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಅದರ ಹಿಂದಿರುವ ಬೈಟುಗಳನ್ನು ನೋಡುವ ಅಭ್ಯಾಸ ಅಲ್ಲಿಂದ ಬಂತು.

ಅಕ್ಷರ ಮುಗಿಯಿತು ಎಂದರೆ ಸಂಖ್ಯೆಯ ಸರದಿ. ಒಂದು ಬೈಟಿಗಿಂತ ದೊಡ್ಡ ಸಂಖ್ಯೆಯನ್ನು ಬರೆಯುವಾಗ ದೊಡ್ಡ ಭಾಗ ಮೊದಲೋ ಚಿಕ್ಕ ಭಾಗ ಮೊದಲೋ ಎಂಬ ವಿಷಯದಲ್ಲಿ ಯಂತ್ರಗಳು ಒಪ್ಪುವುದಿಲ್ಲ. ಸನ್ ಯಂತ್ರ ಮತ್ತು ಮೇನ್‌ಫ್ರೇಮ್ ದೊಡ್ಡದನ್ನು ಮೊದಲು ಬರೆಯುತ್ತಿದ್ದವು. ಇಂಟೆಲ್ ಚಿಪ್ಪಿನ ಪಿಸಿ ಚಿಕ್ಕದನ್ನು. 258 ಎಂಬುದನ್ನು ಸನ್ ಯಂತ್ರ 01 02 ಎಂದು ಬರೆದರೆ, ಅದೇ ಎರಡು ಬೈಟನ್ನು ಪಿಸಿ ತನ್ನ ರೀತಿಯಲ್ಲಿ ಓದಿ 513 ಎನ್ನುತ್ತದೆ. ಎರಡಕ್ಕೂ 'ಬಿಗ್ ಎಂಡಿಯನ್', 'ಲಿಟಲ್ ಎಂಡಿಯನ್' ಎಂಬ ಹೆಸರಿಟ್ಟವರು ಡ್ಯಾನಿ ಕೋಹೆನ್, 1980ರಲ್ಲಿ. ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಜಗಳವಾಡುವ ಜನರಿಂದ ತೆಗೆದುಕೊಂಡ ಹೆಸರು. ಸ್ಯಾಸ್‌ನ ಮುಂದಿನ ಆವೃತ್ತಿಗಳು ಬೇರೆ ಯಂತ್ರದ ಫೈಲನ್ನು ಗುರುತು ಹಿಡಿದು ತಾವೇ ತಿರುಗಿಸಿಕೊಂಡು ಓದುವಷ್ಟು ಬೆಳೆದವು. ಇದು ಬೇರೆ ಯಂತ್ರದ ಫೈಲು, ಓದುವುದು ನಿಧಾನವಾಗಬಹುದು ಎಂದು ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತಿದ್ದವು. ಅಷ್ಟು ಹೇಳುವ ಪ್ರಾಮಾಣಿಕತೆ ಎಲ್ಲ ಸಾಫ್ಟ್‌ವೇರಿಗೂ ಬರಲಿ ಎಂದು ನಾನು ಹಾರೈಸಿದ್ದಿದೆ.

ದಶಾಂಶದ ವಿಷಯ ಇದಕ್ಕಿಂತ ಆಳ. ಹಳೆಯ ಐಬಿಎಂ ಯಂತ್ರಗಳು ಸಂಖ್ಯೆಗಳನ್ನು ಹದಿನಾರರ ಘಾತದಲ್ಲಿ ಇಡುತ್ತಿದ್ದವು. ಪಿಸಿ, ಯುನಿಕ್ಸ್ ಎಲ್ಲ ಎರಡರ ಘಾತದಲ್ಲಿ. ಎರಡಕ್ಕೂ ಎಂಟೇ ಬೈಟು ಜಾಗ. ಪಿಸಿಯ ರೀತಿಯಲ್ಲಿ ಅತಿ ದೊಡ್ಡ, ಅತಿ ಚಿಕ್ಕ ಸಂಖ್ಯೆಗಳಿಗೆ ಹೆಚ್ಚು ಅವಕಾಶ. ಮೇನ್‌ಫ್ರೇಮ್‌ನ ರೀತಿಯಲ್ಲಿ ಕೊನೆಯ ಅಂಕಿಗಳಿಗೆ ಸ್ವಲ್ಪ ಹೆಚ್ಚು ಜಾಗ. ಪೂರ್ಣಾಂಕಗಳ ಲೆಕ್ಕದಲ್ಲಿ ಹೇಳುವುದಾದರೆ ಪಿಸಿ ಒಂದೂ ಬಿಡದಂತೆ ನೆನಪಿಡುವುದು 9007199254740992ರವರೆಗೆ. ಮೇನ್‌ಫ್ರೇಮ್‌ನಲ್ಲಿ ಆ ಗಡಿ 72057594037927936, ಎಂದರೆ ಎಂಟು ಪಟ್ಟು.

ಇಷ್ಟು ದೊಡ್ಡ ಸಂಖ್ಯೆ ಯಾರಿಗೆ ಬೇಕು ಎನಿಸಬಹುದು. ಬೇಕಾಗುತ್ತದೆ. ಆಸ್ಪತ್ರೆಯ ಸಂಕೇತ, ವರ್ಷ, ವಾರ್ಡು, ರೋಗಿಯ ಕ್ರಮಸಂಖ್ಯೆ ಎಲ್ಲವನ್ನೂ ಸೇರಿಸಿ ಒಂದೇ ಉದ್ದದ ಗುರುತು ಸಂಖ್ಯೆ ಮಾಡುವ ಚಟ ಎಲ್ಲ ದೇಶದಲ್ಲೂ ಇದೆ. ಒಂದು ಅಧ್ಯಯನದ ಡೇಟಾ ಮೇನ್‌ಫ್ರೇಮ್‌ನಿಂದ ನಮಗೆ ಬಂದಾಗ ಒಂದೇ ಗುರುತಿನ ಇಬ್ಬಿಬ್ಬರು ರೋಗಿಗಳು ಕಾಣಿಸಿಕೊಂಡರು. ಒಬ್ಬರು ಗಂಡಸು, ಇನ್ನೊಬ್ಬರು ಹೆಂಗಸು. ವಯಸ್ಸು ಬೇರೆ, ಭೇಟಿಯ ದಿನ ಬೇರೆ. ಅಲ್ಲಿ ಕೊನೆಯ ಅಂಕಿ ಎರಡು ಮತ್ತು ಮೂರು ಆಗಿದ್ದವರು ಇಲ್ಲಿ ಇಬ್ಬರೂ ಎರಡೇ ಆಗಿದ್ದರು. 9007199254740993 ಎಂಬ ಸಂಖ್ಯೆಗೆ ಪಿಸಿಯಲ್ಲಿ ಜಾಗವಿಲ್ಲ, ಅದು ಪಕ್ಕದ ಮನೆಗೆ ಹೋಗಿ ನಿಲ್ಲುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಸರಾಸರಿ ಬರುತ್ತದೆ, ಕೋಷ್ಟಕ ಬರುತ್ತದೆ, ನೋಡಲು ಎಲ್ಲವೂ ಸರಿ. ಇಬ್ಬರು ಮನುಷ್ಯರ ಕಾಯಿಲೆಯ ಕಥೆ ಮಾತ್ರ ಒಬ್ಬರದಾಗಿ ಹೋಗಿರುತ್ತದೆ. ಗುರುತು ಸಂಖ್ಯೆಯನ್ನು ಸಂಖ್ಯೆಯಾಗಿ ಇಡಬಾರದು, ಅಕ್ಷರಗಳ ಸಾಲಾಗಿ ಇಡಬೇಕು ಎಂದು ನಾನು ಅಂದಿನಿಂದ ಎದುರು ಸಿಕ್ಕ ಕಿರಿಯರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಅದನ್ನು ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಅದರ ಸರಾಸರಿ ತೆಗೆಯುವುದಿಲ್ಲ. ಮತ್ತೇಕೆ ಅದು ಸಂಖ್ಯೆಯಾಗಬೇಕು?

ಸಂಖ್ಯೆ, ಅಕ್ಷರ ಎರಡೂ ಸುರಕ್ಷಿತವಾಗಿ ದಾಟಿದವು ಎಂದಿಟ್ಟುಕೊಳ್ಳಿ. ಆಗಲೂ ಮುಖ್ಯವಾದದ್ದು ಆ ದಡದಲ್ಲೇ ಉಳಿದಿರಬಹುದು. ಸ್ಯಾಸ್‌ನಲ್ಲಿ ಡೇಟಾದ ಒಳಗೆ 1, 2, 3 ಎಂದಿರುತ್ತದೆ. 1 ಎಂದರೆ ಗಂಡು, 2 ಎಂದರೆ ಹೆಣ್ಣು ಎಂಬ ವಿವರ ಬೇರೆಯೇ ಒಂದು ಕ್ಯಾಟಲಾಗ್ ಫೈಲಿನಲ್ಲಿ. ಬೇರೆ ಯಂತ್ರದ ಡೇಟಾ ಫೈಲನ್ನು ಓದುವಷ್ಟು ಸ್ಯಾಸ್ ಬೆಳೆದ ಮೇಲೂ ಕ್ಯಾಟಲಾಗನ್ನು ಹಾಗೆ ಓದಲು ಬರುತ್ತಿರಲಿಲ್ಲ. ಅದನ್ನು ಬೇರೆಯಾಗಿ ಕಟ್ಟಿ, ಬೇರೆಯಾಗಿ ಬಿಚ್ಚಬೇಕು. ಮರೆತು ಕಳಿಸಿದವರು ಎಷ್ಟೋ ಮಂದಿ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊಸ ಮನೆಗೆ ಸಾಗಿಸಿ, ಮೇಲಿನ ಚೀಟಿಗಳನ್ನು ಹಳೆಯ ಮನೆಯಲ್ಲೇ ಬಿಟ್ಟುಬಂದ ಹಾಗೆ. ಮೆಂತ್ಯ, ಸಾಸಿವೆಯನ್ನಾದರೂ ಮೂಗಿಗೆ ಹಿಡಿದು ತಿಳಿಯಬಹುದು. 1 ಎಂಬುದನ್ನು ಎಷ್ಟು ನೋಡಿದರೂ ಅದು ಔಷಧ ತೆಗೆದುಕೊಂಡವರೋ, ಬರೀ ಸಕ್ಕರೆ ಗುಳಿಗೆ ತೆಗೆದುಕೊಂಡವರೋ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ತೊಡಕಿನ ನಡುವೆ ನಮ್ಮನ್ನು ಕಾಪಾಡಿದ್ದು ಆ ಟ್ರಾನ್ಸ್‌ಪೋರ್ಟ್ ಫೈಲು. ಎಂಬತ್ತು ಎಂಬತ್ತು ಬೈಟುಗಳ ದಾಖಲೆ, ಪಂಚ್ ಕಾರ್ಡಿನ ಕಾಲದ ಅಗಲ. ಅಕ್ಷರ ಆಸ್ಕಿಯಲ್ಲಿ, ಸಂಖ್ಯೆ ಹಳೆಯ ಐಬಿಎಂ ರೀತಿಯಲ್ಲಿ, ಬೈಟುಗಳ ಸರದಿ ದೊಡ್ಡದು ಮೊದಲು. ವೇರಿಯಬಲ್‌ನ ಹೆಸರು ಎಂಟು ಅಕ್ಷರ ಮೀರುವಂತಿಲ್ಲ, ವಿವರಣೆ ನಲವತ್ತು ಮೀರುವಂತಿಲ್ಲ, ಬರಹದ ಅಂಕಣ ಇನ್ನೂರು ಮೀರುವಂತಿಲ್ಲ. ಇಷ್ಟು ಬಿಗಿಯಾದ ಫೈಲನ್ನು ಹೊಸಬರು ಬೈದುಕೊಳ್ಳುತ್ತಿದ್ದರು. ನನಗೆ ಮಾತ್ರ ಅದರ ಮೇಲೆ ಗೌರವ. ಯಾಕೆಂದರೆ ಅದರೊಳಗೆ ಯಾವ ಬೈಟು ಎಲ್ಲಿದೆ, ಏನು ಹೇಳುತ್ತದೆ ಎಂಬುದನ್ನು ಸ್ಯಾಸ್ ಕಂಪನಿಯೇ ಬರೆದು ಎಲ್ಲರ ಕೈಗೆ ಕೊಟ್ಟಿತ್ತು. ಆ ಕಾಗದ ಹಿಡಿದು, ಸ್ಯಾಸ್ ಇಲ್ಲದವರೂ ಆ ಫೈಲನ್ನು ಓದುವ ಪ್ರೋಗ್ರಾಂ ಬರೆಯಬಹುದಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಔಷಧ ಪರೀಕ್ಷೆಗಳ ದತ್ತಾಂಶವನ್ನು ಇದೇ ರೂಪದಲ್ಲಿ ಕೊಡಿ ಎಂದು ಹೇಳಿದ್ದಕ್ಕೆ ಈ ತೆರೆದ ವಿವರಣೆಯೇ ದೊಡ್ಡ ಕಾರಣ. ಒಂದು ಕಂಪನಿಯ ಮರ್ಜಿಯ ಮೇಲೆ ಜನರ ಆರೋಗ್ಯದ ದಾಖಲೆ ನಿಲ್ಲಬಾರದು. ಆ ಎಂಟಕ್ಷರದ ಹೆಸರುಗಳ ಕಿರಿಕಿರಿಯನ್ನು ಸಹಿಸಿಕೊಳ್ಳಲು ನನಗೆ ಇಷ್ಟು ಸಾಕಿತ್ತು.

ಕೆಲವು ವರ್ಷಗಳ ನಂತರ ಆ ಕೆಲಸ ಬಿಟ್ಟೆ. ಸಾರ್ವಜನಿಕ ಆರೋಗ್ಯದ ಸಮೀಕ್ಷೆ ಮಾಡುವ ಸಣ್ಣ ತಂಡಗಳಿಗೆ ಡೇಟಾ ಒಪ್ಪ ಮಾಡಿಕೊಡತೊಡಗಿದೆ. ಇಲ್ಲಿ ಮೇನ್‌ಫ್ರೇಮ್ ಇಲ್ಲ. ಆದರೆ ಒಬ್ಬರು ಎಸ್‌ಪಿಎಸ್‌ಎಸ್, ಇನ್ನೊಬ್ಬರು ಸ್ಟೇಟಾ, ಮತ್ತೊಬ್ಬರು ಲಿನಕ್ಸ್‌ನಲ್ಲಿ ಆರ್, ಎಲ್ಲವೂ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗಳೇ. ವಿದೇಶದಿಂದ ಓದಿ ಬಂದ ಡಾಕ್ಟರ ಬಳಿ ಮ್ಯಾಕ್, ತಾಲ್ಲೂಕು ಮಟ್ಟದ ಡೇಟಾ ಎಂಟ್ರಿ ಹುಡುಗಿಯರ ಬಳಿ ವಿಂಡೋಸ್ ಎಕ್ಸೆಲ್.

ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಉತ್ತರ ಸಿಗದ ಪ್ರಶ್ನೆಗಳು. ಮನೆಯ ಅಜ್ಜಿಯ ವಯಸ್ಸು ಯಾರಿಗೂ ಗೊತ್ತಿಲ್ಲ ಎಂದಾಗ ಎಸ್‌ಪಿಎಸ್‌ಎಸ್‌ನಲ್ಲಿ 99 ಎಂದು ತುಂಬಿ, 99 ಎಂದರೆ 'ಗೊತ್ತಿಲ್ಲ' ಎಂದು ಬೇರೆಯಾಗಿ ಹೇಳಿಡುವ ವಾಡಿಕೆ. ಫೈಲನ್ನು ಬೇರೆ ಕಡೆಗೆ ಸಾಗಿಸುವಾಗ ಆ ಹೇಳಿಕೆ ಬಿದ್ದುಹೋದರೆ, ಹಳ್ಳಿಯ ತುಂಬ ತೊಂಬತ್ತೊಂಬತ್ತು ವರ್ಷದ ಅಜ್ಜಿಯರು. ಇದಾದರೂ ಕಣ್ಣಿಗೆ ಹೊಡೆಯುತ್ತದೆ. ಕಣ್ಣಿಗೆ ಬೀಳದ್ದು ಇನ್ನೊಂದಿದೆ. ಖಾಲಿ ಬಿಟ್ಟ ಜಾಗವನ್ನು ಸ್ಯಾಸ್ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು ಎಂದು ನೋಡುತ್ತದೆ. ಸ್ಟೇಟಾ ಎಲ್ಲ ಸಂಖ್ಯೆಗಳಿಗಿಂತ ದೊಡ್ಡದು ಎಂದು. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರನ್ನು ಎಣಿಸು ಎಂದು ಸ್ಯಾಸ್‌ಗೆ ಹೇಳಿದರೆ ವಯಸ್ಸು ಗೊತ್ತಿಲ್ಲದವರೆಲ್ಲ ಮಕ್ಕಳ ಲೆಕ್ಕಕ್ಕೆ ಸೇರುತ್ತಾರೆ. ಅರವತ್ತಕ್ಕಿಂತ ಹೆಚ್ಚಿನವರನ್ನು ಎಣಿಸು ಎಂದು ಸ್ಟೇಟಾಕ್ಕೆ ಹೇಳಿದರೆ ಅದೇ ಜನ ಮುದುಕರ ಲೆಕ್ಕಕ್ಕೆ. ಡೇಟಾ ಒಂದೇ, ಜನ ಮಾತ್ರ ಪಕ್ಷ ಬದಲಾಯಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ವಯಸ್ಸು ಗೊತ್ತಿಲ್ಲದವರು ಬಡವರಲ್ಲಿ, ಓದು ಬಾರದ ಹೆಂಗಸರಲ್ಲಿ ಹೆಚ್ಚು. ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಅವರ ಮೇಲೇ ಬೀಳುತ್ತದೆ. ತಾಂತ್ರಿಕ ವಿಷಯ ಎಂದು ಇದನ್ನು ಬದಿಗೆ ಸರಿಸುವವರ ಮೇಲೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ದಿನಾಂಕದ ಕಥೆಯೂ ಹೇಳಬೇಕು. ಎಲ್ಲ ಸಾಫ್ಟ್‌ವೇರ್‌ಗಳೂ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿಯೇ ಇಡುತ್ತವೆ. ಎಲ್ಲಿಂದ ಎಣಿಸಬೇಕು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಕನ್ನಡನಾಡು ಒಂದಾದ 1956ರ ನವೆಂಬರ್ 1 ತೆಗೆದುಕೊಳ್ಳಿ. 1960ರ ಜನವರಿ 1ರಿಂದ ಎಣಿಸುವ ಸ್ಯಾಸ್‌ನಲ್ಲಿ ಅದು ಮೈನಸ್ 1156. 1970ರ ಜನವರಿ 1ರಿಂದ ಎಣಿಸುವ ಆರ್‌ನಲ್ಲಿ ಮೈನಸ್ 4809. ಎಸ್‌ಪಿಎಸ್‌ಎಸ್ 1582ರ ಅಕ್ಟೋಬರ್ 14ರಿಂದ, ಎಂದರೆ ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದ ಹಿಂದಿನ ದಿನದಿಂದ, ಸೆಕೆಂಡುಗಳಲ್ಲಿ ಎಣಿಸುತ್ತದೆ. ಅಲ್ಲಿ ನಮ್ಮ ರಾಜ್ಯೋತ್ಸವ 11803881600. ವಿಂಡೋಸ್‌ನ ಎಕ್ಸೆಲ್‌ನಲ್ಲಿ 20760. ಹಳೆಯ ಮ್ಯಾಕ್ ಎಕ್ಸೆಲ್ 1904ರಿಂದ ಎಣಿಸುತ್ತಿದ್ದುದರಿಂದ ಅಲ್ಲಿ 19298. ಆ ಎರಡರ ನಡುವಿನ ಅಂತರ 1462 ದಿನ, ನಾಲ್ಕು ವರ್ಷ ಒಂದು ದಿನ. ಎಕ್ಸೆಲ್ ಫೈಲನ್ನೇ ತೆರೆದರೆ ಅದು ತಾನೇ ಸರಿಪಡಿಸಿಕೊಳ್ಳುತ್ತದೆ. ಬರೀ ಸಂಖ್ಯೆಗಳನ್ನು ನಕಲು ಮಾಡಿ ಅಂಟಿಸಿದರೆ ಇಲ್ಲ. ಆ ಡಾಕ್ಟರ ಮ್ಯಾಕ್‌ನಿಂದ ಬಂದ ಪಟ್ಟಿಯಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಬಹುಪಾಲು ಇನ್ನೂ ಹುಟ್ಟೇ ಇರಲಿಲ್ಲ. ಸರಿಯಾದ ದಿನಾಂಕಗಳ ಜೊತೆ ಅಂತರ ತೆಗೆದು ನೋಡಿದಾಗ ಎಲ್ಲ ಸಾಲಿನಲ್ಲೂ ಅದೇ 1462 ದಿನದ ವ್ಯತ್ಯಾಸವಿತ್ತು. ಒಮ್ಮೆ ಕಂಡವರು ಆ ಸಂಖ್ಯೆಯನ್ನು ಮರೆಯುವುದಿಲ್ಲ.

ಕನ್ನಡದ ಅಕ್ಷರಗಳ ಪಾಡು ಇನ್ನೊಂದು ತೂಕದ್ದು. ಮೊದಲಿಗೆ ಊರಿನ ಹೆಸರುಗಳು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಟೈಪಾಗಿ ಬರುತ್ತಿದ್ದವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದ ಲಿನಕ್ಸ್ ಯಂತ್ರದಲ್ಲಿ ಊರಿನ ಹೆಸರಿನ ಬದಲು ತಲೆಯ ಮೇಲೆ ಗುರುತು ಹೊತ್ತ ರೋಮನ್ ಅಕ್ಷರಗಳ ಗುಂಪು. ಯುನಿಕೋಡ್ ಬಂದ ಮೇಲೆ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತು. ಆದರೂ ತಾಪತ್ರಯ ಪೂರ್ತಿ ತೀರಲಿಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೇಕು. 'ಚಿತ್ರದುರ್ಗ'ದಲ್ಲಿ ಗುಣಿತ, ಒತ್ತುಗಳನ್ನೆಲ್ಲ ಬಿಡಿಸಿ ಎಣಿಸಿದರೆ ಹತ್ತು ಸಂಕೇತ, ಮೂವತ್ತು ಬೈಟು. ಜಿಲ್ಲೆಯ ಹೆಸರಿಗೆ ಇಪ್ಪತ್ತು ಸಾಕು ಎಂದು ಇಂಗ್ಲಿಷ್ ಲೆಕ್ಕದಲ್ಲಿ ಅಂಕಣ ಹಾಕಿದ ಫೈಲಿನಲ್ಲಿ ಉಳಿಯುವುದು 'ಚಿತ್ರದ' ಮತ್ತು ಒಡೆದ ಅಕ್ಷರದ ಒಂದು ಚೂರು. ದುರ್ಗವೇ ಮಾಯ.

ಆರ್ ಬಳಸುವವರಿಗೆ ಇನ್ನೊಂದು ನೆನಪಿರಬಹುದು. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಚೆನ್ನಾಗಿ ಕಾಣುವ ಕನ್ನಡದ ಅಂಕಣ ವಿಂಡೋಸ್‌ಗೆ ಬಂದರೆ ಪ್ರತಿ ಅಕ್ಷರದ ಬದಲು ಕೋನಾವರಣದೊಳಗೆ ಯುನಿಕೋಡಿನ ಸಂಕೇತ ಸಂಖ್ಯೆ. ವಿಂಡೋಸ್‌ನ ಆರ್ ಆಗ ಯುಟಿಎಫ್-8ನ್ನು ತನ್ನ ಮನೆಯ ಅಕ್ಷರವಾಗಿ ಒಪ್ಪಿಕೊಂಡಿರಲಿಲ್ಲ. 2022ರಲ್ಲಿ ಬಂದ ಆರ್ 4.2.0 ಹೊಸ ವಿಂಡೋಸ್‌ಗಳ ಮೇಲೆ ಒಪ್ಪಿಕೊಂಡಿತು. ಆ ಆವೃತ್ತಿ ಹಾಕಿಕೊಂಡು ತಾಲ್ಲೂಕುಗಳ ಪಟ್ಟಿ ತೆರೆದಾಗ ಮೊಳಕಾಲ್ಮೂರು, ಹೊಳಲ್ಕೆರೆ, ಹಿರಿಯೂರು ಎಂದು ತೆರೆಯ ಮೇಲೆ ಓದಿದ್ದು ನನ್ನ ಕೆಲಸದ ಬದುಕಿನ ನಿಜವಾದ ಸಂತೋಷಗಳಲ್ಲಿ ಒಂದು.

ಈ ಎಲ್ಲ ವರ್ಷಗಳಲ್ಲಿ ನನಗೆ ಅತಿ ಕಡಿಮೆ ತೊಂದರೆ ಕೊಟ್ಟ ದತ್ತಾಂಶ ಯಾವುದು ಎಂದರೆ ನಮ್ಮ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆಯದು. 1950ರಲ್ಲಿ ಶುರುವಾದ ಈ ಸಮೀಕ್ಷೆಯ ಮನೆಮನೆಯ ವಿವರಗಳು ಬರೀ ಅಂಕಿಗಳ ಉದ್ದ ಸಾಲುಗಳಾಗಿ ಬರುತ್ತವೆ, ನಡುವೆ ಅಲ್ಪವಿರಾಮವೂ ಇಲ್ಲ. ಜೊತೆಗೆ ಒಂದು ವಿವರಪಟ್ಟಿ: ಇಷ್ಟನೆಯ ಜಾಗದಿಂದ ಇಷ್ಟನೆಯ ಜಾಗದವರೆಗೆ ರಾಜ್ಯ, ಇಲ್ಲಿಂದ ಇಲ್ಲಿಗೆ ಮನೆಯ ಸದಸ್ಯರ ಸಂಖ್ಯೆ, ಕೊನೆಯಲ್ಲಿ ಗುಣಕ, ಎಂದರೆ ಆ ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬ ಸಂಖ್ಯೆ. ಆ ಗುಣಕವನ್ನು ನೂರರಿಂದ ಭಾಗಿಸಬೇಕು ಎಂಬ ಸಾಲು ಎಷ್ಟೋ ಸುತ್ತುಗಳ ಪಟ್ಟಿಯಲ್ಲಿದೆ. ಅದನ್ನು ಓದದೆ ಹೋದರೆ ದೇಶದ ಜನಸಂಖ್ಯೆ ನೂರು ಪಟ್ಟಾಗುತ್ತದೆ. ನೋಡಲು ಒರಟು. ಆದರೆ ಯಾವ ಯಂತ್ರದಲ್ಲೂ, ಯಾವ ಸಾಫ್ಟ್‌ವೇರ್‌ನಲ್ಲೂ, ಪಟ್ಟಿ ಕೈಯಲ್ಲಿದ್ದರೆ ಓದಬಹುದು.

ಮುಚ್ಚಿದ ರೂಪದ ಫೈಲುಗಳನ್ನು ತೆರೆದುಕೊಟ್ಟವರ ಋಣವೂ ದೊಡ್ಡದು. ಸ್ಯಾಸ್‌ನ ಸ್ವಂತ ಡೇಟಾ ಫೈಲಿನ ರಚನೆಯನ್ನು ಬೈಟು ಬೈಟಾಗಿ ನೋಡಿ ಬಿಡಿಸಿ ಬರೆದಿಟ್ಟವರಲ್ಲಿ ಮ್ಯಾಟ್ ಶಾಟ್‌ವೆಲ್ ಒಬ್ಬರು. ಸ್ಯಾಸ್, ಎಸ್‌ಪಿಎಸ್‌ಎಸ್, ಸ್ಟೇಟಾ ಮೂರನ್ನೂ ಓದುವ ರೀಡ್‌ಸ್ಟ್ಯಾಟ್ ಎಂಬ ಪ್ರೋಗ್ರಾಂ ಬರೆದು ಹಂಚಿದವರು ಇವಾನ್ ಮಿಲ್ಲರ್. ಆರ್‌ನ 'ಹೇವನ್' ಪ್ಯಾಕೇಜು ನಿಂತಿರುವುದು ಅದರ ಮೇಲೆ. ಲಕ್ಷಾಂತರ ರೂಪಾಯಿ ಲೈಸೆನ್ಸ್ ಕಟ್ಟಲಾಗದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇವತ್ತು ಆ ಫೈಲುಗಳನ್ನು ತೆರೆಯುತ್ತಿರುವುದು ಇಂಥವರ ದೆಸೆಯಿಂದ.

ಕೆಲವು ವರ್ಷಗಳ ಹಿಂದೆ ನಿವೃತ್ತ ಕೃಷಿ ವಿಜ್ಞಾನಿಯೊಬ್ಬರು ರಾಗಿ ಬೆಳೆಯ ಪ್ರಯೋಗಗಳ ಫ್ಲಾಪಿಗಳನ್ನು ಒಂದು ಚೀಲದಲ್ಲಿ ತಂದುಕೊಟ್ಟರು. ಡಾಸ್ ಕಾಲದ ಎಸ್‌ಪಿಎಸ್‌ಎಸ್ ಫೈಲುಗಳು. ಕೆಲವು ಫ್ಲಾಪಿ ಓದಲೇ ಇಲ್ಲ. ಓದಿದ್ದನ್ನು ಗ್ನೂ ಬಳಗದ ಪಿಎಸ್‌ಪಿಪಿ ಎಂಬ ಸಾಫ್ಟ್‌ವೇರ್ ತೆರೆಯಿತು. ಅಂಕಿಗಳು ಬಂದವು, ಟಿ1ರಿಂದ ಟಿ6ರವರೆಗೆ ಆರು ಉಪಚಾರ, ಇಳುವರಿಯ ಅಂಕಣ. ಆದರೆ ಇಳುವರಿ ಹೆಕ್ಟೇರಿಗೆ ಕ್ವಿಂಟಾಲೋ, ತಾಕಿಗೆ ಕಿಲೋನೋ? ಟಿ3 ಎಂದರೆ ಏನು? ಆ ವಿಜ್ಞಾನಿ ಚೀಲದ ತಳದಿಂದ ರಟ್ಟು ಸವೆದ ನೋಟ್‌ಬುಕ್ ತೆಗೆದರು. "ಟಿ3 ಅಂದ್ರೆ ಬರೀ ಕೊಟ್ಟಿಗೆ ಗೊಬ್ಬರ ಕಣಪ್ಪ, ಯೂರಿಯಾ ಇಲ್ಲ. ಇಳುವರಿ ತಾಕಿಗೆ. ತಾಕಿನ ಅಳತೆ ಇಲ್ಲಿದೆ ನೋಡು." ಅವರು ಓದಿ ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ಆ ನೋಟ್‌ಬುಕ್ ಇರದಿದ್ದರೆ ಅಷ್ಟು ಮಳೆಗಾಲಗಳ ದುಡಿಮೆ ಯಾರಿಗೂ ಬೇಡದ ಅಂಕಿಗಳ ರಾಶಿಯಾಗಿರುತ್ತಿತ್ತು.

ಇಂಥ ಚೀಲಗಳು ನಮ್ಮ ರಾಜ್ಯದ ಎಷ್ಟೋ ಮನೆಗಳ ಅಟ್ಟದ ಮೇಲೆ, ಎಷ್ಟೋ ವಿಭಾಗಗಳ ಬೀರುವಿನಲ್ಲಿ ಇವೆ ಎಂದು ನನಗೆ ಗೊತ್ತು. ಆರೋಗ್ಯ, ಬೆಳೆ, ಶಾಲೆ, ಜಾನುವಾರು, ಒಂದಲ್ಲ ಒಂದು ಸಮೀಕ್ಷೆಯ ಫೈಲು. ನಿಮ್ಮಲ್ಲಿದ್ದರೆ ಅದನ್ನು ಸಾದಾ ಬರಹದ ಫೈಲಾಗಿ, ಯುಟಿಎಫ್-8ರಲ್ಲಿ ಒಂದು ಪ್ರತಿ ಮಾಡಿಡಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂದು ಬಿಡಿಸಿ ಬರೆಯಿರಿ. ಗೊತ್ತಿಲ್ಲದ್ದಕ್ಕೆ ಯಾವ ಸಂಕೇತ ಹಾಕಿದಿರಿ, 1 ಎಂದರೆ ಏನು, ಅಳತೆ ಕಿಲೋನೋ ಕ್ವಿಂಟಾಲೋ ಎಂಬುದನ್ನು ಇನ್ನೊಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಅದರ ಜೊತೆಗಿಡಿ. ಫ್ಲಾಪಿ, ಸಿಡಿ ಓದುವ ಯಂತ್ರ ಊರಿನಲ್ಲಿ ಇನ್ನೂ ಸಿಗುತ್ತಿರುವಾಗಲೇ, ಆ ಸಂಕೇತಗಳ ಅರ್ಥ ಬಲ್ಲವರು ನಮ್ಮ ಜೊತೆ ಇರುವಾಗಲೇ ಈ ಕೆಲಸ ಮಾಡಿ ಮುಗಿಸಿ.